ಸಿಟಿ ಬಸ್ಸಿನಲ್ಲಿ ಯಾರ ಅನುಕೂಲ ಮೊದಲು? ಮನವಿ ಬರೆಯಲು ಸಲಹೆ ಬೇಕು (ಹುಬ್ಬಳ್ಳಿ)

ಹಳೇಹುಬ್ಬಳ್ಳಿ_ವಾರ್ಡು:

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಸಮಿತಿಯಿಂದ ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಮನವಿ ಕೊಡಬೇಕೆಂದಿದ್ದೇವೆ. ಹಳೇ ಹುಬ್ಬಳ್ಳಿ ಕಡೆಯಿಂದ ಹೊರಟು ಸಿಬಿಟಿ (ನಗರ ಬಸ್ ನಿಲ್ದಾಣ) ಮುಟ್ಟಿ, ಅಲ್ಲಿಂದ ವಿದ್ಯಾನಗರ, ಉಣಕಲ್, ನವನಗರದ ಕಡೆ ಹೋಗುವ ಆರ್ಡಿನರಿ ಗಾಡಿಗಳ ವಿಷಯ. ಹುಬ್ಬಳ್ಳಿ-ಧಾರವಾಡ ನಡುವೆ ಬೇರೆ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸು ಚಿಗರಿಯದು ಬೇರೆ ಲೆಕ್ಕ, ಆದರೂ ಅದರಿಂದ ಕಲಿಯುವುದೇನಾದರೂ ಇದ್ದರೆ ಹೇಳಿ.

ಸಭೆಯಲ್ಲಿ ಬಂದ ಬೇಡಿಕೆಗಳನ್ನೆಲ್ಲ ಬರೆದುಕೊಂಡೆವು. ಈಗ ನೋಡಿದರೆ ಒಂದಕ್ಕೊಂದು ತಾಳೆ ಆಗುತ್ತಿಲ್ಲ. ಬೆಳಿಗ್ಗೆ ಕಿಮ್ಸ್ ಆಸ್ಪತ್ರೆಯ ಓಪಿಡಿಗೆ (ಹೊರರೋಗಿ ವಿಭಾಗ) ಹೋಗುವ ವಯಸ್ಸಾದವರು ಬಸ್ಸು ಎಲ್ಲ ಸ್ಟಾಪಿನಲ್ಲೂ ನಿಲ್ಲಬೇಕು, ತಾವು ಹತ್ತಿ ಕೂತ ಮೇಲೇ ಬಿಡಬೇಕು ಅನ್ನುತ್ತಾರೆ. ಅದೇ ಹೊತ್ತಿಗೆ ಕಾಲೇಜಿಗೆ ಹೋಗುವ ಹುಡುಗರಿಗೆ ಬಸ್ಸು ನಿಲ್ಲದೆ ಓಡಬೇಕು. ದುರ್ಗದ ಬೈಲಿಗೆ ಸೊಪ್ಪು, ಹೂವು ತರುವ ಹೆಣ್ಣುಮಕ್ಕಳಿಗೆ ಬುಟ್ಟಿ ಇಡಲು ಜಾಗ ಬೇಕು. ಆ ಬುಟ್ಟಿ ಬಾಗಿಲ ಬಾಯಲ್ಲೇ ಕೂರುತ್ತದೆ ಅಂತ ಉಳಿದವರ ತಕರಾರು. ನಮ್ಮ ಓಣಿಯಲ್ಲಿ ಗಾಲಿಕುರ್ಚಿ ಬಳಸುವವರಿದ್ದಾರೆ, ಅವರು ಬಸ್ಸಿನ ಆಸೆಯನ್ನೇ ಬಿಟ್ಟಿದ್ದಾರೆ. ಗಂಡಸರದು ‘ದುಡ್ಡು ಕೊಟ್ಟು ನಿಂತು ಹೋಗೋದು ನಾವು’ ಅನ್ನುವ ಹಳೆಯ ಹಾಡು.

ಇದರಲ್ಲಿ ಯಾವುದನ್ನು ಮೊದಲು ಕೇಳಬೇಕು? ‘ಎಲ್ಲರಿಗೂ ಅನುಕೂಲ ಮಾಡಿಕೊಡಿ’ ಅಂತ ಬರೆದರೆ ಕಾಗದ ಕಸದ ಬುಟ್ಟಿಗೆ ಹೋಗುತ್ತದೆ, ಅಷ್ಟು ಗೊತ್ತು. ಒಳಗಿನ ವಿಷಯ ತಿಳಿದವರು ದಯವಿಟ್ಟು ಅಳತೆ, ಲೆಕ್ಕದ ಸಮೇತ ಹೇಳಿ.

---

ಟೈಮ್‌ಟೇಬಲ್:

ಪಟ್ಟಿ ಚೆನ್ನಾಗಿದೆ. ಆದರೆ ನೀವು ಅದನ್ನು ಜನರ ಗುಂಪಿನ ಪ್ರಕಾರ ಮಾಡಿದ್ದೀರಿ. ಅಜ್ಜ ಒಂದು ಕಡೆ, ಹುಡುಗರು ಇನ್ನೊಂದು ಕಡೆ. ಡಿಪೋದವರು ಹಾಗೆ ನೋಡುವುದಿಲ್ಲ, ನೀವೂ ನೋಡಬೇಡಿ. ಬಸ್ಸಿನ ಜಗಳದಲ್ಲಿ ಹೆಚ್ಚಿನವು ಬಾಗಿಲಲ್ಲಿ ಹುಟ್ಟುತ್ತವೆ, ಸೀಟಿನಲ್ಲಿ ಅಲ್ಲ. ಬಾಗಿಲಲ್ಲಿ ಕಳೆಯುವ ಸೆಕೆಂಡುಗಳನ್ನು ಕಡಿಮೆ ಮಾಡಿದರೆ ಅಜ್ಜನಿಗೆ ಕೂರಲು ಸಮಯವೂ ಸಿಗುತ್ತದೆ, ಹುಡುಗನಿಗೆ ತರಗತಿಯೂ ಸಿಗುತ್ತದೆ.

ಲೆಕ್ಕ ನೋಡಿ. ಮೂರು ಮೆಟ್ಟಿಲಿನ ಗಾಡಿಯಲ್ಲಿ ಒಬ್ಬರು ಹತ್ತಲು ಅಥವಾ ಇಳಿಯಲು ಸರಾಸರಿ 3 ಸೆಕೆಂಡು ಹಿಡಿಯಿರಿ. ಒಳಗೆ ಜನ ನಿಂತಿದ್ದರೆ ಇನ್ನೂ ಅರ್ಧ ಸೆಕೆಂಡು ಸೇರುತ್ತದೆ, ಅದನ್ನು ಸದ್ಯ ಬಿಡೋಣ. ಒಂದು ಸ್ಟಾಪಿನಲ್ಲಿ 15 ಜನ ಇಳಿದು 20 ಜನ ಹತ್ತುತ್ತಾರೆ ಅಂದುಕೊಳ್ಳಿ. ಎಲ್ಲರೂ ಒಂದೇ ಬಾಗಿಲಿಗೆ ಮುಗಿಬಿದ್ದರೆ 105 ಸೆಕೆಂಡು. ಒಂದು ಬಾಗಿಲು ಹತ್ತಲು, ಇನ್ನೊಂದು ಇಳಿಯಲು ಅಂತ ಮಾಡಿದರೆ ಎರಡೂ ಒಟ್ಟಿಗೆ ನಡೆದು 60 ಸೆಕೆಂಡಿಗೆ ಮುಗಿಯುತ್ತದೆ. ದಟ್ಟಣೆಯ 8 ಸ್ಟಾಪಿಗೆ 45 ಸೆಕೆಂಡಿನಂತೆ ಒಂದು ಟ್ರಿಪ್ಪಿಗೆ 6 ನಿಮಿಷ ಉಳಿಯಿತು. ಹೊಸ ಗಾಡಿ ಬೇಕಿಲ್ಲ, ಡೀಸೆಲ್ ಬೇಕಿಲ್ಲ. ಎರಡು ಬಾಗಿಲಿನ ಗಾಡಿಯನ್ನು ದಟ್ಟಣೆಯ ಹೊತ್ತಿನ ಶೆಡ್ಯೂಲಿಗೆ ಹಾಕಿ, ಬಾಗಿಲ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ‘ಹತ್ತಲು’, ‘ಇಳಿಯಲು’ ಅಂತ ಬರೆಸಿದರೆ ಸಾಕು. ಮಧ್ಯಾಹ್ನ ಒಂದು ಬಾಗಿಲಿನದು ಓಡಲಿ, ಯಾರಿಗೂ ನಷ್ಟ ಇಲ್ಲ.

ಇದು ಕೆಡುವುದು ಎಲ್ಲಿ? ಹೆಂಗಸರು ಮುಂದೆ, ಗಂಡಸರು ಹಿಂದೆ ಅನ್ನುವ ರೂಢಿ ಇರುವ ಕಡೆ. ಆಗ ಎರಡೂ ಬಾಗಿಲಲ್ಲಿ ಹತ್ತುವವರೂ ಇಳಿಯುವವರೂ ಎದುರಾಬದರಾಗುತ್ತಾರೆ. ಎರಡು ಬಾಗಿಲಿದ್ದೂ ಆಗಬೇಕಾದಷ್ಟು ಲಾಭ ಆಗುವುದಿಲ್ಲ. ಆಸನದಲ್ಲಿ ಮುಂದೆ ಹಿಂದೆ ಇರಲಿ, ಬಾಗಿಲಲ್ಲಿ ಬೇಡ. ಮನವಿಯಲ್ಲಿ ಈ ಎರಡನ್ನೂ ಬೇರೆ ಬೇರೆ ಮಾಡಿ ಬರೆಯಿರಿ, ಇಲ್ಲದಿದ್ದರೆ ‘ಮಹಿಳೆಯರ ಸೀಟು ತೆಗೆಯಲು ಹೊರಟಿದ್ದಾರೆ’ ಅಂತ ನಿಮ್ಮ ಸಮಿತಿಯಲ್ಲೇ ಗದ್ದಲ ಆಗುತ್ತದೆ.

ಎರಡನೆಯದು ಗಾಡಿಗಳು ಜೋಡಿ ಬೀಳುವುದು. ಜನ ಇದನ್ನು ಡ್ರೈವರನ ಸೋಮಾರಿತನ ಅಂದುಕೊಳ್ಳುತ್ತಾರೆ, ಅದು ಬರೀ ಗಣಿತ. 10 ನಿಮಿಷಕ್ಕೊಂದು ಗಾಡಿ ಇರುವ ಮಾರ್ಗದಲ್ಲಿ ಒಂದು ಗಾಡಿ 4 ನಿಮಿಷ ತಡವಾಯಿತು. ಅದಕ್ಕೆ 14 ನಿಮಿಷ ಕೂಡಿದ ಜನ ಸಿಗುತ್ತಾರೆ. ಹತ್ತಿಸಿಕೊಳ್ಳಲು ಇನ್ನಷ್ಟು ತಡ. ಹಿಂದಿನ ಗಾಡಿಗೆ 6 ನಿಮಿಷದ ಜನ ಮಾತ್ರ, ಅದು ಹಗುರಾಗಿ ಓಡಿ ಬಂದು ಇದರ ಬೆನ್ನಿಗೇ ನಿಲ್ಲುತ್ತದೆ. ಮುಂದಿನದರಲ್ಲಿ ಕಾಲಿಡಲು ಜಾಗವಿಲ್ಲ, ಹಿಂದಿನದು ಖಾಲಿ. ಕೋಲು ಹಿಡಿದವರು, ಕೂಸು ಎತ್ತಿಕೊಂಡವರು ಬಿಟ್ಟುಹೋಗುವುದು ಈ ಮುಂದಿನ ಗಾಡಿಯಲ್ಲೇ.

ಇದಕ್ಕೆ ಮದ್ದು ಒಂದೇ. ಸಿಬಿಟಿಯಂಥ ಜಾಗದಲ್ಲಿ ಟಿಸಿ (ಸಂಚಾರ ನಿಯಂತ್ರಕ) ಹಿಂದಿನ ಗಾಡಿಯನ್ನು 2-3 ನಿಮಿಷ ಹಿಡಿದು ಬಿಡಬೇಕು. ಹಿಡಿದಾಗ ಒಳಗೆ ಕೂತವರು ಕೂಗಾಡುತ್ತಾರೆ, ಮುಂದಿನ ಸ್ಟಾಪುಗಳಲ್ಲಿ ನಿಂತವರಿಗೆ ಲಾಭ. ಕೂಗುವವರು ಎದುರಿಗಿದ್ದಾರೆ, ಲಾಭ ಪಡೆಯುವವರು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಟಿಸಿ ಬಿಟ್ಟುಬಿಡುತ್ತಾರೆ. ಹಿಡಿಯುವ ಅಧಿಕಾರ, ಗರಿಷ್ಠ ನಿಮಿಷ ಎರಡನ್ನೂ ಬರಹದಲ್ಲಿ ಕೊಡಿ ಅಂತ ಕೇಳಿ. ಫಾರಂ-4ರಲ್ಲಿ (ಗಾಡಿಯ ವೇಳಾಪಟ್ಟಿಯ ಹಾಳೆ) ಸಿಬಿಟಿಗೆ ಆಗಮನ, ನಿರ್ಗಮನ ಎರಡೂ ಸಮಯ ಬೇರೆ ಬೇರೆ ಇದ್ದರೆ ಹಿಡಿಯಲು ಎಡೆ ಸಿಗುತ್ತದೆ. ಒಂದೇ ಸಮಯ ಇದ್ದರೆ ಹಿಡಿದ ನಿಮಿಷವೆಲ್ಲ ಡ್ರೈವರನ ತಲೆಗೆ ಬರುತ್ತದೆ.

ಎಲ್ಲ ಸ್ಟಾಪಿನಲ್ಲಿ ನಿಲ್ಲಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಉತ್ತರ ಚಿಗರಿಯಲ್ಲೇ ಇದೆ. ಸುಮಾರು 22 ಕಿ.ಮೀ. ದಾರಿಯಲ್ಲಿ ಮೂವತ್ತಕ್ಕೂ ಹೆಚ್ಚು ನಿಲ್ದಾಣ. ಎಲ್ಲ ಕಡೆ ನಿಲ್ಲುವ ಗಾಡಿಯೂ ಇದೆ, ಆಯ್ದ ಕಡೆ ಮಾತ್ರ ನಿಲ್ಲುವ ಎಕ್ಸ್‌ಪ್ರೆಸ್ಸೂ ಇದೆ. ಒಂದು ನಿಲುಗಡೆ ಅಂದರೆ ವೇಗ ಇಳಿಸಿ, ಬಾಗಿಲು ತೆರೆದು ಮುಚ್ಚಿ, ಮತ್ತೆ ವೇಗ ಹಿಡಿಯುವಷ್ಟರಲ್ಲಿ 20-30 ಸೆಕೆಂಡು ಹೋಯಿತು, ಒಬ್ಬರೂ ಹತ್ತದಿದ್ದರೂ. ಆದರೆ ಗಾಡಿ ಕಡಿಮೆ ಇರುವ ಮಾರ್ಗದಲ್ಲಿ ಈ ವಿಭಜನೆ ಮಾಡಬೇಡಿ. 20 ನಿಮಿಷಕ್ಕೊಂದು ಬರುವುದನ್ನು ಎರಡು ಬಗೆ ಮಾಡಿದರೆ ಸಣ್ಣ ಸ್ಟಾಪಿನವರಿಗೆ 40 ನಿಮಿಷಕ್ಕೊಂದು ಉಳಿಯುತ್ತದೆ. ನಿಮ್ಮ ಹಳೇ ಹುಬ್ಬಳ್ಳಿ ಭಾಗಕ್ಕೆ ಎಕ್ಸ್‌ಪ್ರೆಸ್ ಕೇಳುವುದು ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕಿಕೊಂಡಂತೆ.

---

ತೋಳನಕೆರೆ:

ಇಷ್ಟೆಲ್ಲ ಯಾಕ್ರಿ? ‘ಗಾಡಿ ಹೆಚ್ಚಿಗಿ ಬಿಡ್ರಿ’ ಅಂತ ಒಂದ ಸಾಲ ಬರೀರಿ, ಮುಗೀತು.

---

ಟೈಮ್‌ಟೇಬಲ್:

ಬರೆಯಬಹುದು. ಆದರೆ ಒಂದು ಶೆಡ್ಯೂಲ್ ಹೆಚ್ಚಿಸುವುದೆಂದರೆ ಗಾಡಿ, ಚಾಲಕ, ನಿರ್ವಾಹಕ, ವಾರದ ರಜೆಗೆ ಬದಲಿ ಸಿಬ್ಬಂದಿ ಎಲ್ಲ ಬೇಕು. ‘ಸಿಬ್ಬಂದಿ ಲಭ್ಯತೆ ನೋಡಿಕೊಂಡು ಪರಿಶೀಲಿಸಲಾಗುವುದು’ ಅಂತ ಒಂದು ಸಾಲಿನ ಉತ್ತರ ಬರುತ್ತದೆ. ಹಿಡಿದು ಬಿಡುವ ವ್ಯವಸ್ಥೆ ಇಲ್ಲದೆ ಗಾಡಿ ಹೆಚ್ಚಿಸಿದರೆ ಜೋಡಿ ಬೀಳುವುದೂ ಹೆಚ್ಚುತ್ತದೆ. ಕೇಳುವುದೇ ಆದರೆ ಬೆಳಿಗ್ಗೆ 8ರಿಂದ 10ರವರೆಗೆ ಸಿಬಿಟಿ-ವಿದ್ಯಾನಗರ ನಡುವೆ ಮಾತ್ರ ಓಡುವ ಶಟಲ್ ಕೇಳಿ. ಒಂದೇ ಗಾಡಿ ಆ ಎರಡು ತಾಸಿನಲ್ಲಿ ಹಲವು ಸುತ್ತು ಹಾಕುತ್ತದೆ. ಕಾಲೇಜಿನವರು ಅದಕ್ಕೆ ಹೋಗುತ್ತಾರೆ, ದೂರದ ಗಾಡಿಯಲ್ಲಿ ಹಳೇ ಹುಬ್ಬಳ್ಳಿಯಿಂದ ಬಂದ ವಯಸ್ಸಾದವರಿಗೆ ಉಸಿರಾಡಲು ಜಾಗ ಆಗುತ್ತದೆ.

---

ಇಳಿಜಾರು:

ಬಾಗಿಲ ಲೆಕ್ಕ ಒಪ್ಪಿದೆ. ಆದರೆ ಎಲ್ಲವನ್ನೂ ಸೆಕೆಂಡಿನಲ್ಲಿ ಅಳೆಯುವುದಕ್ಕೆ ನನ್ನ ವಿರೋಧ ಇದೆ. ಸೆಕೆಂಡು ಉಳಿಸುವುದೇ ಗುರಿಯಾದರೆ ಗಾಲಿಕುರ್ಚಿಯನ್ನು ಬಿಟ್ಟುಹೋಗುವುದೇ ಸರಿ ಅಂತ ಆಗುತ್ತದೆ, ಯಾಕೆಂದರೆ ಅದಕ್ಕೆ 2-3 ನಿಮಿಷ ಬೇಕು. ಅಳತೆಗೋಲು ಬೇರೆಯಾಗಲಿ: ಯಾರಿಗೆ ಬೇರೆ ದಾರಿ ಇದೆ, ಯಾರಿಗೆ ಇಲ್ಲ? ಹುಡುಗ ನಿಲ್ಲಬಲ್ಲ, ಚೀಲ ಬೇರೆ ಕಡೆ ಇಡಬಹುದು. ಗಾಲಿಕುರ್ಚಿಗೆ ಬಸ್ಸಿನಲ್ಲಿ ಇರುವುದು ಒಂದೇ ಜಾಗ. ಆ ಜಾಗದ ವಿಷಯದಲ್ಲಿ ಹೊಂದಾಣಿಕೆ ಇಲ್ಲ. ಬೇರೆ ಎಲ್ಲದರಲ್ಲೂ ಮಾಡೋಣ.

ಈಗ ಅಳತೆ. ನಮ್ಮಲ್ಲಿ ನಗರ ಬಸ್ಸಿನ ನೆಲದ ಎತ್ತರ ಮೂರು ಬಗೆ: 400, 650, 900 ಮಿ.ಮೀ. ಹಳೇ ಲಾರಿ ಚಾಸಿಯ ಮೇಲೆ ಕಟ್ಟಿದ ಆರ್ಡಿನರಿ ಗಾಡಿಗಳದು ಇನ್ನೂ ಎತ್ತರ. ಗಾಲಿಕುರ್ಚಿ ರ‍್ಯಾಂಪಿನ ಮೇಲೆ ಹತ್ತುವುದು 400ರ ಗಾಡಿಗೆ ಮಾತ್ರ, ಅದೂ ಫುಟ್‌ಪಾತ್ ಇದ್ದರೆ. ರ‍್ಯಾಂಪಿನ ಉದ್ದ 1 ಮೀಟರ್ ಅಂದುಕೊಳ್ಳಿ. ಬಸ್ಸು 150 ಮಿ.ಮೀ. ಎತ್ತರದ ಫುಟ್‌ಪಾತಿಗೆ ಒತ್ತಿ ನಿಂತರೆ ಏರಬೇಕಾದ್ದು 250, ಅಂದರೆ 4ಕ್ಕೆ 1ರ ಇಳಿಜಾರು. ಕುರ್ಚಿ ತಳ್ಳಲು ಒಬ್ಬರು ಬೇಕು, ಆದರೆ ಆಗುತ್ತದೆ. ಗಾಡಿ ಒಂದು ಬದಿಗೆ 60 ಮಿ.ಮೀ. ಬಾಗುವಂಥದ್ದಾದರೆ 5ಕ್ಕೆ 1ಕ್ಕಿಂತ ಸಲೀಸು. ಅದೇ ಬಸ್ಸು ಆಟೋಗಳ ಆಚೆ ನಡುರಸ್ತೆಯಲ್ಲಿ ನಿಂತು ರ‍್ಯಾಂಪು ಡಾಂಬರಿಗೆ ಬಿದ್ದರೆ 400 ಮಿ.ಮೀ. ಏರಬೇಕು, 2.5ಕ್ಕೆ 1. ಅದರ ಮೇಲೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಕಟ್ಟಡಗಳಿಗೆ ಹೇಳುವುದು 12ಕ್ಕೆ 1, ಹೋಲಿಸಿ ನೋಡಿ.

ಇದರ ಅರ್ಥ, ಒಳ್ಳೇ ಗಾಡಿ ಕೇಳುವ ಮೊದಲು ಸ್ಟಾಪಿನ ಮುಂದೆ ಖಾಲಿ ಜಾಗ ಕೇಳಬೇಕು. 12 ಮೀಟರ್ ಬಸ್ಸು ಫುಟ್‌ಪಾತಿಗೆ ಸಮಾನಾಂತರ ನಿಲ್ಲಬೇಕಾದರೆ ಅದರ ಉದ್ದ ಮಾತ್ರ ಸಾಲದು, ಒಳಗೆ ಬರಲು ಹೊರಗೆ ಹೋಗಲು ಇನ್ನೂ ಸಾಕಷ್ಟು ಉದ್ದ ಬೇಕು. ಮಧ್ಯೆ ಒಂದೇ ಒಂದು ಬೈಕು ನಿಂತರೂ ಹಿಂದಿನ ಬಾಗಿಲು ಫುಟ್‌ಪಾತಿನಿಂದ ಒಂದು ಮೀಟರ್ ದೂರ ಉಳಿಯುತ್ತದೆ. ಇದು ಗಾಲಿಕುರ್ಚಿಯ ಮಾತಷ್ಟೇ ಅಲ್ಲ. ಮೊಣಕಾಲು ನೋವಿನ ಅಜ್ಜಿಗೆ ಮೊದಲ ಮೆಟ್ಟಿಲು 150 ಮಿ.ಮೀ. ತಗ್ಗಿದರೆ ಕೈ ಹಿಡಿದು ಎಳೆಯುವವರು ಬೇಕಾಗುವುದಿಲ್ಲ, ಆಕೆ ಹತ್ತುವ ಹೊತ್ತೂ ಕಡಿಮೆಯಾಗುತ್ತದೆ. ಈ ಸಾಲಿನ ಪ್ರತಿಯನ್ನು ಮಹಾನಗರ ಪಾಲಿಕೆಗೂ ಸಂಚಾರ ಪೊಲೀಸರಿಗೂ ಕೊಡಿ. ಸಾರಿಗೆ ಸಂಸ್ಥೆ ಸ್ಟಾಪಿನ ಮುಂದಿನ ಬೈಕು ಎತ್ತಿಸಲಾರದು.

ಚಿಗರಿ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮೂ ಬಸ್ಸಿನ ನೆಲವೂ ಸಮ, ಮೆಟ್ಟಿಲಿಲ್ಲ, ಟಿಕೆಟ್ಟು ಮೊದಲೇ ಆಗಿರುತ್ತದೆ. ಅಲ್ಲಿ ಉಳಿಯುವ ತೊಂದರೆ ನಡುವಿನ ಸಂದು. ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿ ಸಂದಿಗೆ ಇಳಿದರೆ ಕೂತವರು ಮುಂದಕ್ಕೆ ಬೀಳುತ್ತಾರೆ. ಸಂದು ಅಗಲ ಕಂಡರೆ ಕುರ್ಚಿಯನ್ನು ತಿರುಗಿಸಿ ಹಿಂದಿನ ದೊಡ್ಡ ಗಾಲಿ ಮೊದಲು ದಾಟಿಸಬೇಕು. ಸಹಾಯ ಮಾಡುವವರು ಅವಸರದಲ್ಲಿ ಮುಂದಿನಿಂದಲೇ ತಳ್ಳುತ್ತಾರೆ, ಅಲ್ಲೇ ಎಡವಟ್ಟು.

ಒಳಗೆ 900 × 1200 ಮಿ.ಮೀ. ಖಾಲಿ ಜಾಗ ಬೇಕು. ಅಲ್ಲಿ ಮಡಚುವ ಸೀಟು ಹಾಕಬಹುದು, ಗಾಲಿಕುರ್ಚಿ ಬರುವವರೆಗೆ ಯಾರಾದರೂ ಕೂರಲಿ. ಬೋರ್ಡಿನಲ್ಲಿ ‘ಅಂಗವಿಕಲರಿಗೆ ಮೀಸಲು’ ಅಂತಷ್ಟೇ ಬರೆದರೆ ಯಾರೂ ಏಳುವುದಿಲ್ಲ, ಪಕ್ಕದವನು ಏಳಲಿ ಅಂತ ಕಾಯುತ್ತಾರೆ. ‘ಗಾಲಿಕುರ್ಚಿ ಬಂದಾಗ ಇಲ್ಲಿ ಕೂತವರು ಏಳಬೇಕು, ಸಾಮಾನು ತೆಗೆಯಬೇಕು’ ಅಂತ ಬರೆಯಬೇಕು.

ಇದೇ ಪ್ರಶ್ನೆ ಬ್ರಿಟನ್ನಿನಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. 2012ರಲ್ಲಿ ವೆದರ್ಬಿಯಿಂದ ಲೀಡ್ಸಿಗೆ ಹೋಗುವ ಬಸ್ಸಿನಲ್ಲಿ ಗಾಲಿಕುರ್ಚಿ ಜಾಗದಲ್ಲಿ ಕೂಸಿನ ತಳ್ಳುಗಾಡಿ ಇತ್ತು. ತಾಯಿ ಸರಿಯಲಿಲ್ಲ, ಡಗ್ ಪೌಲಿ ಅನ್ನುವವರು ಹತ್ತಲಾಗಲಿಲ್ಲ. 2017ರ ಜನವರಿಯಲ್ಲಿ ತೀರ್ಪು ಬಂತು: ಡ್ರೈವರ್ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು. ಕಾರಣವಿಲ್ಲದೆ ನಿರಾಕರಿಸಿದರೆ ಇನ್ನಷ್ಟು ಒತ್ತಾಯಿಸಬೇಕು, ಬೇಕಾದರೆ ಕೆಲವು ನಿಮಿಷ ಬಸ್ಸು ನಿಲ್ಲಿಸಿ ಮುಜುಗರ ಆಗುವಂತೆ ಮಾಡಬಹುದು. ಎಳೆದು ಇಳಿಸಬೇಕು ಅಂತ ಮಾತ್ರ ಹೇಳಲಿಲ್ಲ. ನಮ್ಮಲ್ಲಿ ತಳ್ಳುಗಾಡಿ ಇಲ್ಲ, ಅದರ ಜಾಗಕ್ಕೆ ಬುಟ್ಟಿ, ಹಾಲಿನ ಕ್ಯಾನು, ಕಾಲೇಜು ಬ್ಯಾಗು. ಕೂಸಿಗಿಂತ ಬುಟ್ಟಿ ಸರಿಸುವುದು ಸುಲಭ.

ಇನ್ನೊಂದು, ಯಾರೂ ಗಮನಿಸದ ಜಗಳ. ಬಾಗಿಲ ನಡುವಿನ ಕಂಬ. ವಯಸ್ಸಾದವರಿಗೆ ಅದು ಬೇಕೇ ಬೇಕು, ಹಿಡಿದು ಹತ್ತುತ್ತಾರೆ. ಆದರೆ ಆ ಕಂಬ ಇದ್ದರೆ ಗಾಲಿಕುರ್ಚಿ ದಾಟುವುದಿಲ್ಲ. ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಿಲ್ಲ. ಮುಂದಿನ ಬಾಗಿಲಿಗೆ ನಡುಕಂಬ ಇರಲಿ, ನಡುವಿನ ಅಗಲ ಬಾಗಿಲಿಗೆ ಬೇಡ, ಅಲ್ಲಿ ಎರಡೂ ಬದಿ ಹಿಡಿಕೆ ಸಾಕು. ಹಿಡಿಕೆಯ ದಪ್ಪ 32ರಿಂದ 38 ಮಿ.ಮೀ., ಬಣ್ಣ ಹಳದಿ. ಅದಕ್ಕಿಂತ ದಪ್ಪಗಿದ್ದರೆ ಸಂಧಿವಾತದ ಕೈ ಹಿಡಿಯಲಾರದು. ಮಸುಕು ಕಣ್ಣಿನವರಿಗೆ ಬೂದು ಬಣ್ಣದ ಕಂಬ ಕಾಣುವುದೇ ಇಲ್ಲ.

---

ರೈಟ್_ರೈಟ್:

ಎಲ್ಲಾರೂ ಬಾಗಲದ ಬಗ್ಗೆ ಬರದೀರಿ, ಛಲೋ ಆತು. ನಾ ಗಾಡಿ ಒಳಗಿನ ಮಾತ ಹೇಳ್ತೇನ್ರಿ.

ಮೊದಲ ಟಿಕೆಟ್ಟು. ಶಕ್ತಿ ಯೋಜನೆ 2023ರ ಜೂನ್ 11ಕ್ಕ ಶುರು ಆದ ಮ್ಯಾಲೆ ಹೆಣ್ಣುಮಕ್ಕಳಿಗೆ ರೊಕ್ಕ ಇಲ್ಲ, ಖರೆ, ಆದ್ರ ಟಿಕೆಟ್ ಐತಿ. ಶೂನ್ಯ ಟಿಕೆಟ್ ಒಬ್ಬೊಬ್ಬರಿಗೂ ಹರೀಬೇಕು, ಗುರುತಿನ ಚೀಟಿ ನೋಡಬೇಕು. ಚೆಕಿಂಗದವ್ರು ಬಂದಾಗ ಶೂನ್ಯ ಟಿಕೆಟ್ ಇಲ್ಲಂದ್ರ ಕಂಡಕ್ಟರಗ ಕೇಸ್ ಬೀಳ್ತೈತಿ. ಹಿಂಗಾಗಿ ಗಾಡಿ ತುಂಬಿದಾಗ ಕಂಡಕ್ಟರ್ ನಡುವ ಸಿಕ್ಕೊಂಡಿರ್ತಾನ, ಬಾಗಲದಾಗ ಯಾರ ಇಳ್ಯಾಕತ್ತಾರ ಅಂವಗ ಕಾಣೂದಿಲ್ಲ. ಯಾರೋ ‘ರೈಟ್’ ಅಂತಾರ, ಗಾಡಿ ಬಿಡ್ತೈತಿ, ಮುದುಕರ ಒಂದ ಕಾಲ ಮೆಟ್ಟಲದಾಗ ಇರ್ತೈತಿ. ಅಪಘಾತ ಆಗೂದು ಹಿಂಗ. ಇದಕ್ಕ ಉಪಾಯ ಗ್ರೌಂಡ್ ಬುಕಿಂಗ್. ಮುಂಜಾನೆ ಗದ್ದಲದ ಎರಡ ತಾಸು ಸಿಬಿಟ್ಯಾಗ ಒಬ್ಬರ ಕೆಳಗ ನಿಂತು ಟಿಕೆಟ್ ಹರದ್ರ, ಗಾಡಿ ಕಂಡಕ್ಟರ್ ಬಾಗಲದಾಗ ನಿಂದರಬಹುದು. ಮನವಿಯೊಳಗ ಇದನ್ನ ಬರೀರಿ, ಮತ್ತ ‘ರೈಟ್’ ಹೇಳೂದು ಕಂಡಕ್ಟರ್ ಒಬ್ಬಂವಾ ಅಂತನೂ ಬರೀರಿ.

ಗಂಡಸರ ತಕರಾರ ಪೂರಾ ಸುಳ್ಳಲ್ರಿ. ಶಕ್ತಿ ಆದೇಶದಾಗ ಬೆಂಗಳೂರಿನ ಬಿಎಂಟಿಸಿ ಬಿಟ್ಟು ಉಳಿದ ನಿಗಮದ ಗಾಡ್ಯಾಗ ಅರ್ಧ ಸೀಟು ಗಂಡಸರಿಗೆ ಅಂತ ಐತಿ. ಆದ್ರ ಅಷ್ಟ ಹೇಳಿದ್ರ ಯಾವ ಸೀಟು ಅಂತ ಯಾರಿಗೆ ತಿಳೀಬೇಕು? ಸೀಟಿನ ಮ್ಯಾಲೆ ಬರದಿಲ್ಲಂದ್ರ ಅದು ಇಲ್ಲದಂಗ. ಹಿಂದಿನ ಅರ್ಧಕ್ಕ ಗಂಡಸರು ಅಂತ ಗೆರಿ ಹೊಡದು ಬರಸ್ರಿ. ಮುಂದಿನ ಅರ್ಧದಾಗ ಮೊದಲನೇ ಎರಡ ಸಾಲು ಹಿರಿಯರು, ಬಸುರಿ ಹೆಣ್ಣಮಕ್ಕಳು, ಅಂಗವಿಕಲರು. ಹಿರಿಯರಿಗೆ ಗಂಡಸು ಹೆಂಗಸು ಅಂತ ಭೇದ ಬ್ಯಾಡ. ಇಲ್ಲಂದ್ರ ಎಂಬತ್ತರ ಮುದುಕಪ್ಪನ್ನ ‘ಇದು ಲೇಡೀಸ್ ಸೀಟು’ ಅಂತ ಎಬ್ಬಸ್ತಾರ.

ಒಂದ ದೊಡ್ಡ ತಪ್ಪ ಎಲ್ಲಾ ಕಡೆ ಕಾಣ್ತೈತಿ. ‘ಹಿರಿಯ ನಾಗರಿಕರು’ ಅಂತ ಬರೆಯೂದು ಗಾಲಿ ಮ್ಯಾಲಿನ ಸೀಟಿಗೆ. ಅಲ್ಲಿ ನೆಲ ಎತ್ತರ, ಮೊಣಕಾಲ ಮಡಚಾಕ ಜಾಗ ಇಲ್ಲ, ಹತ್ತಿ ಕುಂದರಬೇಕು. ಹುಡುಗರಿಗೆ ಕೊಡಬೇಕಾದ ಸೀಟದು. ಬೋರ್ಡ್ ಬಡಿಯೋ ಮೊದಲ ಡಿಪೋದಾಗ ಒಬ್ಬ ಮೊಣಕಾಲ ನೋವಿನವರನ್ನ ಕುಂದರಿಸಿ ನೋಡ್ರಿ ಅಂತ ಹೇಳ್ರಿ.

ಬುಟ್ಟಿ ಬಗ್ಗೆ. ಬುಟ್ಟಿ ಹೊತ್ತು ಬರೋ ಅವ್ವಾರನ್ನ ಹತ್ತಿಸಬ್ಯಾಡ್ರಿ ಅಂದ್ರ ಅವ್ರ ಹೊಟ್ಟಿ ಮ್ಯಾಲೆ ಹೊಡದಂಗ. ಅವ್ರು ಬರೂದು ನಸುಕಿನ್ಯಾಗ, ಐದೂವರಿ ಆರಕ್ಕ, ಆವಾಗ ಗಾಡಿ ಖಾಲಿ. ತಂಟೆ ಆಗೂದು ತಿರುಗಿ ಹೋಗೂ ಮುಂದ, ಒಂಬತ್ತ ಹತ್ತಕ್ಕ, ಖಾಲಿ ಬುಟ್ಟಿ ತಗೊಂಡು ಹೊಂಟಾಗ. ಖಾಲಿ ಬುಟ್ಟಿ ಒಂದರಾಗ ಒಂದ ಕೂಡ್ತಾವ, ಹಗ್ಗ ಕಟ್ಟಿದ್ರ ಐದು ಬುಟ್ಟಿ ಒಂದ ಬುಟ್ಟಿ ಜಾಗ ಹಿಡೀತಾವ. ಹಿಂದಿನ ಕಟ್ಟಕಡೇ ಸೀಟಿನ ಮುಂದ ಇಡಾಕ ಹೇಳ್ರಿ, ಬಾಗಲದ ಕಡೆ ಬ್ಯಾಡ. ಇಲ್ಲಿ ತಕರಾರ ಮಾಡೋ ಮಂದಿ ಕಾಲೇಜ್ ಹುಡುಗರ ಬೆನ್ನಿನ ಚೀಲ ನೋಡೂದಿಲ್ಲ. ಬೆನ್ನಿಗೆ ಹಾಕ್ಕೊಂಡ ಒಂದ ಚೀಲ ಒಬ್ಬ ಮನಷ್ಯಾನ ಜಾಗ ತಿಂತೈತಿ, ಹೊರಳಿದಾಗ ಕುಂತವ್ರ ಮಾರಿಗೆ ಬಡೀತೈತಿ. ಚೀಲ ಎದಿಗೆ ಹಾಕ್ಕೋಬೇಕು, ಇಲ್ಲಾ ಎರಡ ಕಾಲ ನಡುವ ಇಡಬೇಕು.

---

ಹಳೇಹುಬ್ಬಳ್ಳಿ_ವಾರ್ಡು:

ಬಹಳ ಉಪಕಾರ. ಹಿರಿಯರ ಸೀಟು ಗಾಲಿಯ ಮೇಲೆ ಬಂದಿದೆಯೋ ಇಲ್ಲವೋ ಅಂತ ನಾವು ನೋಡಿರಲೇ ಇಲ್ಲ. ಒಂದು ಸಂಶಯ: ‘ಇಂಥ ಸ್ಟಾಪಿನಲ್ಲಿ ಜನ ಬಿಟ್ಟುಹೋಗುತ್ತಾರೆ’ ಅಂತ ನಾವು ಬರೆದರೆ ಪುರಾವೆ ಕೇಳುತ್ತಾರೆ. ಅದನ್ನು ತೋರಿಸುವುದು ಹೇಗೆ?

---

ಸಪ್ತಾಪುರ:

ಎರಡು ಕಡೆಯಿಂದ ಪುರಾವೆ ಕೂಡಿಸಬೇಕು, ಅವರ ಯಂತ್ರದಿಂದ ಒಂದು, ನಿಮ್ಮ ಕಣ್ಣಿನಿಂದ ಒಂದು.

ಟಿಕೆಟ್ ಯಂತ್ರದಲ್ಲಿ ಯಾವ ಟ್ರಿಪ್ಪು, ಯಾವ ಸ್ಟೇಜಿನಲ್ಲಿ (ದರ ಲೆಕ್ಕದ ಹಂತ) ಹತ್ತಿದ್ದು, ಎಲ್ಲಿಗೆ, ಎಷ್ಟು ಹೊತ್ತಿಗೆ ಅನ್ನುವುದೆಲ್ಲ ದಾಖಲಾಗುತ್ತದೆ. ಶೂನ್ಯ ಟಿಕೆಟ್ಟೂ ಅದರಲ್ಲೇ ಬರುವುದರಿಂದ ಹೆಣ್ಣುಮಕ್ಕಳ ಲೆಕ್ಕ ಚೊಕ್ಕ ಸಿಗುತ್ತದೆ. ಪಾಸಿನವರದು ಮಾತ್ರ ಸಿಗುವುದಿಲ್ಲ, ಅಂದರೆ ವಿದ್ಯಾರ್ಥಿಗಳು ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಕಾಗದದ ಮೇಲೆ ಗಾಡಿ ಅರ್ಧ ಖಾಲಿ, ರಸ್ತೆಯಲ್ಲಿ ಜೋತಾಡುವಷ್ಟು ಜನ ಅನ್ನುವ ವಿಚಿತ್ರಕ್ಕೆ ಇದೂ ಒಂದು ಕಾರಣ. ಅವರ ಅಂಕಿಯನ್ನು ಹಾಗೇ ಒಪ್ಪಬೇಡಿ.

ಅಂಕಿ ಕೇಳಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮರೆತು ಹತ್ತು ಪ್ರಶ್ನೆ ತುರುಕಿದರೆ ವಾಪಸ್ ಬರುತ್ತದೆ. ‘ಇಂಥ ಮಾರ್ಗ ಸಂಖ್ಯೆಯ ಬೆಳಿಗ್ಗೆ 7ರಿಂದ 11ರ ಟ್ರಿಪ್ಪುಗಳಲ್ಲಿ, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಸ್ಟೇಜ್‌ವಾರು ವಿತರಿಸಿದ ಟಿಕೆಟ್ ಸಂಖ್ಯೆ, ಶೂನ್ಯ ಟಿಕೆಟ್ ಸೇರಿ’ ಅಂತ ಒಂದೇ ವಾಕ್ಯ ಸಾಕು. ಫಾರಂ-4ರ ಪ್ರತಿ ಬೇಕಾದರೆ ಅದಕ್ಕೆ ಇನ್ನೊಂದು ಅರ್ಜಿ. ‘ಯಾಕೆ ಗಾಡಿ ಕಡಿಮೆ?’ ಅಂತ ಕೇಳಬೇಡಿ, ಕಾರಣ ಕೊಡುವುದು ಮಾಹಿತಿ ಅಲ್ಲ ಅನ್ನುತ್ತಾರೆ.

ಕಣ್ಣಿನ ಲೆಕ್ಕಕ್ಕೆ ಒಂದು ಸ್ಟಾಪಿಗೆ ಇಬ್ಬರು ಬೇಕು, ಬಾಗಿಲಿಗೊಬ್ಬರು. ಹಾಳೆಯಲ್ಲಿ ಏಳು ಕಾಲಂ ಎಳೆಯಿರಿ: ಗಾಡಿ ಬಂದ ಸಮಯ, ಗಾಲಿ ನಿಂತ ಸೆಕೆಂಡು, ಗಾಲಿ ಹೊರಳಿದ ಸೆಕೆಂಡು, ಇಳಿದವರು, ಹತ್ತಿದವರು, ಹತ್ತಲಾರದೆ ಉಳಿದವರು, ಫುಟ್‌ಪಾತಿನಿಂದ ಬಾಗಿಲಿಗೆ ಇದ್ದ ದೂರ. ಕೊನೆಯದನ್ನು ಅಳೆಯುವುದು ಬೇಡ, ‘ಒತ್ತಿ’, ‘ಒಂದು ಹೆಜ್ಜೆ’, ‘ದೂರ’ ಅಂತ ಗುರುತು ಹಾಕಿದರೆ ಸಾಕು. ಉಳಿದವರಲ್ಲಿ ಕೋಲು, ಕೂಸು, ಬುಟ್ಟಿ, ಗಾಲಿಕುರ್ಚಿ ಇದ್ದರೆ ಪಕ್ಕದಲ್ಲಿ ಒಂದಕ್ಷರ ಬರೆಯಿರಿ. ಹತ್ತಿದವರನ್ನು ಎಣಿಸುವುದು ಎಲ್ಲರಿಗೂ ಹೊಳೆಯುತ್ತದೆ, ಉಳಿದವರನ್ನು ಎಣಿಸುವುದು ಹೊಳೆಯುವುದಿಲ್ಲ. ಯಂತ್ರಕ್ಕಂತೂ ಅವರು ಇಲ್ಲವೇ ಇಲ್ಲ.

ದಿನ ಆರಿಸುವಾಗ ಜಾಗ್ರತೆ. ಪಿಯು ಪರೀಕ್ಷೆಯ ದಿನ, ಗಣಪತಿ ಹಬ್ಬದ ವಾರ, ಶಿವರಾತ್ರಿಯ ಸಿದ್ಧಾರೂಢರ ಜಾತ್ರೆ ಇವೆಲ್ಲ ಬಿಡಿ. ಸೋಮವಾರ ಓಪಿಡಿ ದಟ್ಟಣೆ ಜಾಸ್ತಿ, ಅದೊಂದನ್ನೇ ಎಣಿಸಿದರೆ ‘ಉಳಿದ ದಿನ ಸರಿಯಿದೆ’ ಅನ್ನುತ್ತಾರೆ. ಮಂಗಳವಾರದಿಂದ ಗುರುವಾರದೊಳಗೆ ಎರಡು ದಿನ, ಜೊತೆಗೊಂದು ಸೋಮವಾರ. ಚೆನ್ನಮ್ಮ ಸರ್ಕಲ್ ಸುತ್ತ ಕಾಮಗಾರಿಗೆ ದಾರಿ ಬದಲಾಗಿದ್ದರೆ ಹಾಳೆಯ ತಲೆಯಲ್ಲೇ ಬರೆದಿಡಿ.

ಮತ್ತೆ, ಎಲ್ಲ ಮಾರ್ಗಕ್ಕೂ ಕೇಳಬೇಡಿ. ಒಂದು ಮಾರ್ಗ, ಬೆಳಗಿನ ಹೊತ್ತು, ನಾಲ್ಕು ವಾರ ಪ್ರಯೋಗ ಅಂತ ಕೇಳಿ. ಆಮೇಲೆ ಅದೇ ಹಾಳೆ ಹಿಡಿದು ಅದೇ ಸ್ಟಾಪಿನಲ್ಲಿ ಮತ್ತೆ ಎಣಿಸಿ. ವಿಭಾಗೀಯ ಸಂಚಾರ ಅಧಿಕಾರಿಗೆ ನಾಲ್ಕು ವಾರದ ಪ್ರಯೋಗಕ್ಕೆ ಒಪ್ಪುವುದು ಸುಲಭ, ಕಾಯಂ ಬದಲಾವಣೆಗೆ ಒಪ್ಪುವುದು ಕಷ್ಟ.

---

ತೋಳನಕೆರೆ:

ಗಾಡಿ ಹೆಚ್ಚಿಗಿ ಅನ್ನೋ ಮಾತು ನಾ ಇನ್ನೂ ಬಿಟ್ಟಿಲ್ರಿ. ಆದ್ರ ಉಳಿದವರನ್ನ ಎಣಸೋದು ಛಲೋ ಐತಿ, ಅದ ಹಾಳಿ ತೋರಿಸಿ ಗಾಡಿನೂ ಕೇಳಬಹುದು.

---

ಇಳಿಜಾರು:

ಒಂದು ಸೇರ್ಪಡೆ. ಗಾಲಿಕುರ್ಚಿಯ ಬೇಡಿಕೆಯನ್ನು ಈ ನಾಲ್ಕು ವಾರದ ಪ್ರಯೋಗದ ಜೊತೆ ಸೇರಿಸಬೇಡಿ. ಹತ್ತಲು ಆಗದ ಗಾಡಿಗೆ ನಾಲ್ಕು ವಾರದಲ್ಲಿ ಒಬ್ಬರೂ ಬರುವುದಿಲ್ಲ, ‘ಬೇಡಿಕೆ ಇಲ್ಲ’ ಅಂತ ಬರೆದು ಕಡತ ಮುಚ್ಚುತ್ತಾರೆ. ಅದನ್ನು ಬೇರೆ ಕಾಗದದಲ್ಲಿ, ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 41ನೇ ಕಲಮು ನಮೂದಿಸಿ ಕೊಡಿ. ಹಳೇ ವಾಹನಗಳನ್ನೂ ತಾಂತ್ರಿಕವಾಗಿ ಸಾಧ್ಯವಾದಷ್ಟು, ದೊಡ್ಡ ರಚನಾ ಬದಲಾವಣೆ ಇಲ್ಲದೆ, ಮಾರ್ಪಡಿಸಬೇಕು ಅನ್ನುವ ಮಾತು ಅದರಲ್ಲಿದೆ. ‘ದೊಡ್ಡ ಬದಲಾವಣೆ ಇಲ್ಲದೆ’ ಅನ್ನುವುದನ್ನೇ ಅವರು ನೆಪ ಮಾಡಬಹುದು. ಹಾಗಾಗಿ ಈ ಬೇರೆ ಕಾಗದದಲ್ಲಿ ಮೊದಲಿಗೆ ಸಣ್ಣವನ್ನೇ ಕೇಳಿ: ಹಳದಿ ಹಿಡಿಕೆ, ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ, ಸ್ಟಾಪಿನ ಹೆಸರು ಕೂಗಿ ಹೇಳುವುದು, ಮುಂದಿನ ಖರೀದಿಯಲ್ಲಿ ಈ ಮಾರ್ಗಕ್ಕೆ ತಗ್ಗು ನೆಲದ ಗಾಡಿ. ಪ್ರತಿಯನ್ನು ರಾಜ್ಯ ಅಂಗವಿಕಲರ ಆಯುಕ್ತರಿಗೂ ಕಳಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.